ಉಸಿರೆಣಿಸುವ ನಿಮಿಷದಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನ ಕಿಟಕಿಗಳಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಹದಿನಾಲ್ಕು ಮಂಚ, ಹದಿನಾಲ್ಕು ಬಗೆಯ ಗೊರಕೆ. ಮೂರನೇ ಮಂಚದ ಕಾಲ ಬಳಿ ನೀಲಿ ಏಪ್ರನ್ ತೊಟ್ಟ ಹೆಂಗಸೊಬ್ಬರು ಹೊದಿಕೆ ಸರಿಮಾಡುತ್ತಾ ನಿಂತಿದ್ದಾರೆ. ಸರಿಯಾಗಿಯೇ ಇರುವ ಹೊದಿಕೆ ಅದು. ಆದರೂ ಅಂಚು ಎಳೆಯುತ್ತಾರೆ, ಮಡಿಸುತ್ತಾರೆ, ಮತ್ತೆ ಬಿಡಿಸುತ್ತಾರೆ. ಅವರ ಎಡಗೈ ಹೊದಿಕೆಯೊಳಗೆ ನುಸುಳಿ ರೋಗಿಯ ಪಾದ ಹಿಡಿದಿದೆ. ಕಣ್ಣು ಒಮ್ಮೆ ರೋಗಿಯ ಎದೆಯ ಮೇಲೆ, ಇನ್ನೊಮ್ಮೆ ಏಪ್ರನ್ನಿಗೆ ತಲೆಕೆಳಗಾಗಿ ಪಿನ್ನು ಹಾಕಿಕೊಂಡ ಗಡಿಯಾರದ ಮೇಲೆ. ತುಟಿ ಮಾತ್ರ ಸದ್ದಿಲ್ಲದೆ ಅಲುಗುತ್ತಿದೆ.

ರೋಗಿ ಅರೆಗಣ್ಣು ತೆರೆದು, "ಏನಕ್ಕಾ, ಕಾಲು ಕಿತ್ಕೊಂಡು ಹೋಗೋ ಯೋಚನೇನಾ?" ಎನ್ನುತ್ತಾರೆ.

"ಒಂದ್ನಿಮಿಷ ಇರಪ್ಪಾ, ಹೊದಿಕೆ ಸಿಕ್ಕಾಕ್ಕೊಂಡಿದೆ."

ಹೊದಿಕೆ ಎಲ್ಲಿಯೂ ಸಿಕ್ಕಿಹಾಕಿಕೊಂಡಿಲ್ಲ. ಅವರು ಉಸಿರು ಎಣಿಸುತ್ತಿದ್ದಾರೆ, ಅಷ್ಟೇ. ಆದರೆ ಎಣಿಸುತ್ತಿದ್ದೇನೆ ಎಂದು ಹೇಳುವ ಹಾಗಿಲ್ಲ. ಹೇಳಿದರೆ ಎಂಥವರ ಉಸಿರೂ ಫೋಟೋಗೆ ನಿಂತವರ ಮುಖದಂತೆ ಬಿಗಿಯಾಗಿಬಿಡುತ್ತದೆ, ಲೆಕ್ಕ ಕೆಡುತ್ತದೆ. ಹಾಗಾಗಿ ಹತ್ತೊಂಬತ್ತು ವರ್ಷಗಳಿಂದ ಈ ವಾರ್ಡಿನ ಹೊದಿಕೆಗಳೆಲ್ಲ ಬೆಳಿಗ್ಗೆ ಒಂದು ನಿಮಿಷ, ಮಧ್ಯಾಹ್ನ ಪಾಳಿ ಮುಗಿಯುವ ಮುಂಚೆ ಇನ್ನೊಂದು ನಿಮಿಷ ಸಿಕ್ಕಿಹಾಕಿಕೊಳ್ಳುತ್ತಲೇ ಬಂದಿವೆ. ಮಾತೆತ್ತಿದರೆ "ಒಂದ್ನಿಮಿಷ" ಎನ್ನುವ ಅವರಿಗೆ ರೋಗಿಗಳು ಇಟ್ಟ ಹೆಸರು ನಿಮಿಷದಕ್ಕ.

ಹುದ್ದೆಯ ಲೆಕ್ಕದಲ್ಲಿ ಅವರು ಆಯಾ. ವಯಸ್ಸು ಐವತ್ತಮೂರು, ಓದು ಎಂಟನೇ ಕ್ಲಾಸು. ದಿನಕ್ಕೆ ಇಪ್ಪತ್ತೆಂಟು ಬೆಡ್‌ಶೀಟು ಬದಲಿಸುವುದು, ಏಳಲಾಗದವರ ಮೈ ಒರೆಸುವುದು, ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು, ತೆಗೆಯುವುದು, ತೊಳೆಯುವುದು. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆದು ತೊಳೆದು ಬೆರಳ ತುದಿಗಳು ಒಣಗಿ ಒಡೆದಿವೆ. ಉಸಿರು ಎಣಿಸುವುದು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅದು ನರ್ಸುಗಳ ಕೆಲಸ. ಪ್ರತಿ ಮಂಚಕ್ಕೂ ಒಂದು ಚಾರ್ಟು ತೂಗುಹಾಕಿರುತ್ತದೆ. ಜ್ವರ, ನಾಡಿ, ರಕ್ತದೊತ್ತಡ, ಉಸಿರು ಎಂದು ನಾಲ್ಕು ಕಾಲಂ. ಮೊದಲ ಮೂರಕ್ಕೆ ಯಂತ್ರಗಳಿವೆ. ನಾಲ್ಕನೆಯದಕ್ಕೆ ಕಣ್ಣು, ಗಡಿಯಾರ ಮತ್ತು ತಾಳ್ಮೆ ಬಿಟ್ಟರೆ ಬೇರೇನಿಲ್ಲ. ಹದಿನಾಲ್ಕು ಮಂಚಕ್ಕೆ ಇಬ್ಬರೇ ನರ್ಸುಗಳಿರುವಾಗ ತಾಳ್ಮೆಯನ್ನು ಎಲ್ಲಿಂದ ತರುವುದು? ಅದಕ್ಕೇ ನಾಲ್ಕನೆಯ ಕಾಲಂನಲ್ಲಿ ಎಲ್ಲರೂ ಕಣ್ಣುಮುಚ್ಚಿಕೊಂಡು, ಆರೋಗ್ಯವಂತರ ಉಸಿರಿನ ಲೆಕ್ಕದಂತೆ, "20" ಎಂದು ಬರೆಯುತ್ತಿದ್ದರು.

"ನಮ್ಮ ವಾರ್ಡಲ್ಲಿ ಮುದುಕರಿಗೂ ಇಪ್ಪತ್ತು, ಹುಡುಗರಿಗೂ ಇಪ್ಪತ್ತು," ಎಂದು ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. "ಒಂದ್ಸಲ ಆರನೇ ಮಂಚದವರು ಹಿಂದಿನ ದಿನ ಸಂಜೇನೇ ಡಿಸ್ಚಾರ್ಜ್ ಆಗಿ ಮನೆಗೆ ಹೋಗಿದ್ರು. ಬೆಳಿಗ್ಗೆ ಚಾರ್ಟ್ ನೋಡಿದ್ರೆ ಖಾಲಿ ಮಂಚಾನೂ ಇಪ್ಪತ್ತು ಸಲ ಉಸಿರಾಡಿತ್ತು!"

ಈ ನಗುವಿನ ಹಿಂದೆ ಒಂದು ನೋವಿದೆ. ಕೇಳಿದರೆ ಅಕ್ಕ ಮುಚ್ಚಿಡುವುದಿಲ್ಲ. ಅವರು ಆಗಿನ್ನೂ ಈ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಅವರ ತಾಯಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಮೂರನೇ ದಿನ ಬೆಳಿಗ್ಗೆ ಹಣೆ ಮುಟ್ಟಿದರೆ ತಣ್ಣಗಿದೆ. ಜ್ವರ ಬಿಟ್ಟಿತು ಎಂದು ಮನೆಯವರಿಗೆಲ್ಲ ಜೀವದಲ್ಲಿ ಜೀವ ಬಂತು. ಅಕ್ಕ ಒಬ್ಬೊಬ್ಬರಿಗೇ ಫೋನ್ ಮಾಡಿ, "ಅಮ್ಮ ಹುಷಾರಾದ್ರು, ಇನ್ನೇನೂ ಭಯ ಇಲ್ಲ" ಎಂದು ಹೇಳಿದರು.

"ಅಮ್ಮ ಮೆಟ್ಟಿಲು ಹತ್ತಿ ಬಂದೋರ ಥರ ಉಸಿರಾಡ್ತಿದ್ರು. ಮಲಗೇ ಇದ್ರು, ಯಾವ ಮೆಟ್ಟಿಲೂ ಹತ್ತಿರ್ಲಿಲ್ಲ. ನಾನು ನೋಡಿದೆ, ಆದ್ರೆ ಅದು ತಲೆಗೇ ಹೋಗ್ಲಿಲ್ಲ. ಕಾಲು ಮಂಜುಗಡ್ಡೆ ಥರ ಇತ್ತು. ಸಾಕ್ಸ್ ಹಾಕಿದೆ. ಅಮ್ಮನ್ನ ಚೆನ್ನಾಗಿ ನೋಡ್ಕೊಂಡೆ ಅಂದ್ಕೊಂಡೆ." ಅಕ್ಕ ಕೈಯಲ್ಲಿದ್ದ ಬೆಡ್‌ಶೀಟು ಮಡಿಸುತ್ತಾರೆ. "ಮಧ್ಯಾಹ್ನ ಹೊರಟುಬಿಟ್ರು."

ಸೋಂಕು ಅಷ್ಟು ಸಣ್ಣದು, ಸಾವು ಅಷ್ಟು ಬೇಗ. ಇದು ಹೇಗೆ ಎಂಬ ಪ್ರಶ್ನೆ ಅವರ ತಲೆ ತಿನ್ನತೊಡಗಿತು. ಹಟ ಹಿಡಿದು ಲಾಂಡ್ರಿಯಿಂದ ವಾರ್ಡಿನ ಕೆಲಸಕ್ಕೆ ಬದಲಾಯಿಸಿಕೊಂಡರು. ವಾರ್ಡಿನ ದೊಡ್ಡ ಡಾಕ್ಟರಮ್ಮನ ಬೆನ್ನು ಬಿದ್ದು, ರೌಂಡ್ಸ್ ಮುಗಿಸಿ ಅವರು ಕಾಫಿ ಕುಡಿಯುವ ಐದು ನಿಮಿಷದಲ್ಲೇ ಒಂದೊಂದು ಪ್ರಶ್ನೆ ಕೇಳಿದರು. ಪ್ರಶ್ನೆ ಮುಗಿಯಲು ಎರಡು ತಿಂಗಳು ಬೇಕಾಯಿತಂತೆ. ಆ ಡಾಕ್ಟರಮ್ಮ ಈಗಲೂ ಇಲ್ಲಿಯೇ ಇದ್ದಾರೆ. ಅಂದು ಹೇಳಿದ್ದನ್ನೇ ನಮಗೂ ಹೇಳುತ್ತಾರೆ.

"ಬೆರಳಿಗೆ ಗಾಯ ಆಗಿ ಕ್ರಿಮಿ ಒಳಗೆ ಹೋಯ್ತು ಅಂದ್ಕೊಳ್ಳಿ. ಅಲ್ಲಿರೋ ರಕ್ಷಣಾ ಕಣಗಳು ರಾಸಾಯನಿಕ ಸಂದೇಶ ಕಳಿಸಿ ಬೇರೆ ಕಣಗಳನ್ನ ಕರೀತವೆ. ಅವು ರಕ್ತನಾಳದಿಂದ ಹೊರಗೆ ಬರ್ಬೇಕಲ್ಲ? ಅದಕ್ಕೆ ನಾಳದ ಗೋಡೆ ಸ್ವಲ್ಪ ಸಡಿಲವಾಗುತ್ತೆ. ಬೆರಳು ಕೆಂಪಾಗೋದು, ಊದ್ಕೊಳ್ಳೋದು ಇದಕ್ಕೇನೇ. ಒಳ್ಳೇದೇ ಅದು. ಕೆಲಸ ಮುಗಿದ ಮೇಲೆ, ಸಾಕು ನಿಲ್ಲಿಸಿ ಅನ್ನೋ ಸಂದೇಶಾನೂ ಹೋಗುತ್ತೆ. ಆದ್ರೆ ಕೆಲವೊಮ್ಮೆ ಸೋಂಕು ಜೋರಾದಾಗ ಈ ಕರೆಯೋದು ಕೈಮೀರಿ ಹೋಗುತ್ತೆ. ಒಂದು ಬೆರಳಲ್ಲಿ ಆಗ್ಬೇಕಾದ್ದು ಮೈಯೆಲ್ಲಾ ಆಗುತ್ತೆ. ಎಲ್ಲಾ ಕಡೆ ನಾಳ ಸೋರುತ್ತೆ, ರಕ್ತದೊತ್ತಡ ಬೀಳುತ್ತೆ, ಸಣ್ಣ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಕಿಡ್ನಿ, ಮೆದುಳು, ಕೈಕಾಲು, ಯಾವುದಕ್ಕೂ ಸರಿಯಾಗಿ ರಕ್ತ ಸಿಗಲ್ಲ. ರಕ್ತದಲ್ಲಿ ಆಮ್ಲ ಸೇರುತ್ತೆ. ಅದನ್ನ ಹೊರಗೆ ಹಾಕೋಕೆ ದೇಹ ಬೇಗ ಬೇಗ ಉಸಿರಾಡುತ್ತೆ. ರಕ್ತದೊತ್ತಡ ಬೀಳೋಕೂ ಮುಂಚೆ ಈ ಉಸಿರು ಚಾಡಿ ಹೇಳಿರುತ್ತೆ. ಜ್ವರ ನಂಬೋ ಹಾಗಿಲ್ಲ. ಮಾತ್ರೆಗೂ ಇಳಿಯುತ್ತೆ, ಮೈ ಸೋತಾಗ್ಲೂ ಇಳಿಯುತ್ತೆ."

ಅಕ್ಕ ಇದನ್ನು ತಮ್ಮದೇ ಭಾಷೆಗೆ ಇಳಿಸಿಕೊಂಡಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ಮಂಚದ ತಾತ ಬಾತ್‌ರೂಮಿನ ಬಾಗಿಲಲ್ಲಿ ಜಾರಿ ಕೂತರಂತೆ. "ನಾನು ಒಬ್ಬರನ್ನ ಕೂಗ್ದೆ. ಅವರು ಇಬ್ಬರನ್ನ ಕೂಗಿದ್ರು, ಅವರು ನಾಲ್ಕು ಜನಾನ. ನೋಡ್ತಾ ನೋಡ್ತಾ ಮೂವತ್ತು ಜನ! ಒಬ್ಬ ಡ್ರಿಪ್ ಸ್ಟ್ಯಾಂಡ್ ಬೀಳಿಸ್ದ, ಇನ್ನೊಬ್ಬ ಪಕ್ಕದ ಮಂಚದ ಆಕ್ಸಿಜನ್ ಪೈಪ್ ತುಳಿದ. ಸಾಕು ಹೋಗ್ರಪ್ಪಾ ಅನ್ನೋರು ಒಬ್ಬರೂ ಇಲ್ಲ. ಬಿದ್ದಿದ್ದಕ್ಕೆ ತಾತಂಗೆ ಏನೂ ಆಗಿರ್ಲಿಲ್ಲ. ಎತ್ತೋಕೆ ಬಂದೋರು ಎಳೆದಾಡಿದ್ದಕ್ಕೆ ಕೈ ಮುರೀತು. ಮೈಯೊಳಗೂ ಹಂಗೇ ಅಂತೆ."

ದೊಡ್ಡ ಡಾಕ್ಟರಮ್ಮ ಇದನ್ನು ಕೇಳಿ ಬಿದ್ದೂ ಬಿದ್ದೂ ನಕ್ಕು, ಈಗ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ತಾತನ ಕಥೆಯನ್ನೇ ಹೇಳುತ್ತಾರಂತೆ.

ಅಕ್ಕನ ಎಣಿಕೆಗೆ ವಾರ್ಡಿನಲ್ಲಿ ಮರ್ಯಾದೆ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಚಾರ್ಟು ಮುಟ್ಟುವ ಅಧಿಕಾರ ಅವರಿಗಿಲ್ಲ. ಏಪ್ರನ್ನಿನ ಜೇಬಿನ ಮೇಲೆ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿಕೊಂಡು ಅದರ ಮೇಲೆ ಮಂಚದ ನಂಬರು, ಉಸಿರಿನ ನಂಬರು ಬರೆದುಕೊಳ್ಳುತ್ತಿದ್ದರು. ಒಮ್ಮೆ ಹತ್ತನೇ ಮಂಚದವರ ಉಸಿರು ಮೂವತ್ತು ಎಂದು ಓಡಿ ಹೋಗಿ ವಾರ್ಡನ್ನೇ ಎಬ್ಬಿಸಿದರು. ಡಾಕ್ಟರು, ಯಂತ್ರ, ಎಲ್ಲ ಬಂದ ಮೇಲೆ ತಿಳಿದದ್ದೇನು? ಆಸಾಮಿ ಕಳ್ಳತನದಲ್ಲಿ ಕೆಳಗಿಳಿದು ಹೋಗಿ ಬೀಡಿ ಸೇದಿ, ಸಿಕ್ಕಿಬೀಳುವ ಭಯಕ್ಕೆ ಎರಡು ಮಹಡಿ ಓಡಿ ಹತ್ತಿ ಬಂದು ಮುಸುಕೆಳೆದು ಮಲಗಿದ್ದ. ವಾರ್ಡಿಡೀ ವಾರಗಟ್ಟಲೆ ನಗು. ದೊಡ್ಡ ಸಿಸ್ಟರ್, ಅಂದರೆ ವಾರ್ಡಿನ ಹಿರಿಯ ನರ್ಸು, ಕರೆದು ಖಡಾಖಂಡಿತವಾಗಿ ಹೇಳಿದರು: "ಇನ್ನೊಂದು ಸಲ ನಮ್ಮ ಕೆಲಸದಲ್ಲಿ ಮೂಗು ತೂರಿಸಿದ್ರೆ ವಾಪಸ್ ಲಾಂಡ್ರಿಗೆ ಕಳಿಸ್ತೀನಿ."

ಆ ಮಾತು ತಲೆಯ ಮೇಲೆ ತೂಗುತ್ತಿರುವಾಗಲೇ ನಾಲ್ಕು ತಿಂಗಳ ಹಿಂದೆ ಹನ್ನೊಂದನೇ ಮಂಚಕ್ಕೆ ಸೈಕಲ್ ರಿಪೇರಿ ಅಂಗಡಿಯ ಯಜಮಾನರೊಬ್ಬರು ಬಂದರು. ನಲವತ್ತಾರು ವರ್ಷದ ಗಟ್ಟಿ ಆಳು. ಬ್ರೇಕ್ ಕೇಬಲ್ಲಿನ ತಂತಿಯ ಎಳೆ ಎಡಗೈ ಹೆಬ್ಬೆರಳಿಗೆ ಚುಚ್ಚಿತ್ತು. ಎರಡು ದಿನ ಬಟ್ಟೆ ಸುತ್ತಿಕೊಂಡು ಅದೇ ಕೈಯಲ್ಲಿ ದುಡಿದಿದ್ದಾರೆ. ಮೂರನೇ ದಿನ ಕೈ ಮಣಿಕಟ್ಟಿನವರೆಗೆ ಊದಿ, ಚಳಿಜ್ವರ ಬಂದು ಆಸ್ಪತ್ರೆ ಸೇರಿದ್ದಾರೆ. "ಇಷ್ಟು ವರ್ಷ ಟ್ಯೂಬಿನ ಪಂಕ್ಚರ್ ಹಾಕ್ದೆ, ಈಗ ನಾನೇ ಪಂಕ್ಚರ್ ಆದೆ ನೋಡಿ ಅಕ್ಕಾ," ಎಂದು ತಮಾಷೆ ಮಾಡುತ್ತಿದ್ದರಂತೆ. ಬಂದ ಮರುದಿನ ಬೆಳಿಗ್ಗೆ ಜ್ವರ ಇಳಿಯಿತು. ಡ್ಯೂಟಿ ಡಾಕ್ಟರು ನೋಡಿ ಸರಿಯಿದೆ ಎಂದು ತಲೆಯಾಡಿಸಿದರು. ಚಾರ್ಟಿನ ನಾಲ್ಕನೆಯ ಕಾಲಂನಲ್ಲಿ ಎಂದಿನಂತೆ ಇಪ್ಪತ್ತು.

ಅಕ್ಕ ಕಾಲ ಬಳಿ ನಿಂತು ಹೊದಿಕೆ ಹಿಡಿದರು. ಪಾದ ತಣ್ಣಗೆ. ಎಣಿಸಿದರು, ಮೂವತ್ತೆರಡು. ಮೆಟ್ಟಿಲ ಕಡೆ, ಬಾತ್‌ರೂಮಿನ ಕಡೆ ನೋಡಿದರು. ಈ ಮನುಷ್ಯ ಮಂಚ ಬಿಟ್ಟು ಎದ್ದೇ ಇಲ್ಲ. ಇನ್ನೊಂದು ನಿಮಿಷ ಎಣಿಸಿದರು, ಮೂವತ್ತನಾಲ್ಕು. ಹೊದಿಕೆ ಮೇಲೆತ್ತಿದರೆ ಮೊಣಕಾಲಿನ ಚರ್ಮದ ಮೇಲೆ ಮಾಸಲು ನೇರಳೆ ಬಣ್ಣದ ಬಲೆಯಂಥ ಗೆರೆಗಳು ಹರಡಿವೆ. ಅಷ್ಟರಲ್ಲಿ ಹೊರಗೆ ವರಾಂಡದಲ್ಲಿ ಅವರ ಹೆಂಡತಿ ಫೋನಿನಲ್ಲಿ ಯಾರಿಗೋ ಹೇಳುತ್ತಿರುವುದು ಕೇಳಿಸಿತು: "ಹೂಂ, ಜ್ವರ ಬಿಟ್ಟಿದೆ. ಇನ್ನೇನೂ ಭಯ ಇಲ್ಲ."

"ಆ ಮಾತು ಕಿವಿಗೆ ಬಿತ್ತು ನೋಡಿ," ಎನ್ನುತ್ತಾರೆ ಅಕ್ಕ. "ಅದು ನಾನು ಆಡಿದ್ದೇ ಮಾತು. ಲಾಂಡ್ರಿಗಾದ್ರೂ ಕಳಿಸ್ಲಿ, ಮನೆಗಾದ್ರೂ ಕಳಿಸ್ಲಿ ಅಂತ ಹೋದೆ."

ಡ್ಯೂಟಿ ಡಾಕ್ಟರು ಇನ್ನೂ ಮೂವತ್ತು ದಾಟದ ಹುಡುಗ. ಪಾಳಿ ಮುಗಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಪಕ್ಕದಲ್ಲೇ ದೊಡ್ಡ ಸಿಸ್ಟರ್ ಬೇರೆ. ಅಕ್ಕ ನೇರವಾಗಿ ಅವರ ದಾರಿಗೆ ಅಡ್ಡ ನಿಂತರು.

"ಸಾರ್, ಹನ್ನೊಂದನೇ ಮಂಚ. ಒಂದ್ಸಲ ಬಂದು ನೋಡಿ."

"ಈಗಷ್ಟೇ ನೋಡಿದೆನಲ್ಲಮ್ಮಾ. ಜ್ವರ ಇಳಿದಿದೆ."

"ಉಸಿರು ಮೂವತ್ತನಾಲ್ಕಿದೆ ಸಾರ್."

ಡಾಕ್ಟರು ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ಚಾರ್ಟು ನೋಡಿದರು. "ಇಪ್ಪತ್ತು ಅಂತ ಇದೆ ಡಾಕ್ಟರ್. ಇವರು ಸುಮ್ನೆ ಗಾಬರಿ ಮಾಡ್ಕೋತಾರೆ. ಹೋದ ಸಲ ಆ ಬೀಡಿ ಪ್ರಸಂಗ ಇವರದ್ದೇ."

ಅಕ್ಕ ವಾದ ಮಾಡಲಿಲ್ಲ. ಏಪ್ರನ್ನಿನ ಗಡಿಯಾರ ಬಿಚ್ಚಿ ಡಾಕ್ಟರ ಅಂಗೈಗೆ ಇಟ್ಟರು. "ನನ್ನ ನಂಬಬೇಡಿ ಸಾರ್. ನೀವೇ ಎಣಿಸಿ. ಒಂದೇ ಒಂದು ನಿಮಿಷ, ಪೂರ್ತಿ. ನಂದು ತಪ್ಪಾಗಿದ್ರೆ ಈಗ್ಲೇ ಲಾಂಡ್ರಿಗೆ ಹೋಗ್ತೀನಿ."

ಡಾಕ್ಟರು ಮಂಚದ ಬಳಿ ಬಂದು ನಿಂತರು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಅವರ ಹೆಗಲಿನ ಬ್ಯಾಗು ನೆಲಕ್ಕೆ ಇಳಿಯಿತು. ನಿಮಿಷ ಮುಗಿದಾಗ ಬಗ್ಗಿ ರೋಗಿಯ ಮೊಣಕಾಲು ಒತ್ತಿ ನೋಡಿದರು. ಬೆಳ್ಳಗಾದ ಜಾಗಕ್ಕೆ ಬಣ್ಣ ವಾಪಸು ಬರಲು ಬಹಳ ಹೊತ್ತು ಹಿಡಿಯಿತು. "ಯಜಮಾನ್ರೇ, ಇವತ್ತು ಯಾವ ವಾರ?" ಎಂದು ಕೇಳಿದರೆ, ತಮಾಷೆಯ ಮನುಷ್ಯ ಸುಮ್ಮನೆ ಮಿಕಮಿಕ ನೋಡಿದರು. ರಕ್ತದೊತ್ತಡ ಅಳೆದರೆ ಮೇಲಿನದು ಎಂಬತ್ತಕ್ಕೆ ಬಂದು ಕೂತಿದೆ.

ಆಮೇಲೆ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಎರಡೂ ತೋಳಿಗೆ ಡ್ರಿಪ್ಪು, ಹೆಚ್ಚು ಬಲದ ಔಷಧಿ, ಪರೀಕ್ಷೆಗೆ ರಕ್ತ. ಸರ್ಜನ್ ಬಂದು ಅದೇ ಬೆಳಿಗ್ಗೆ ಕೈ ಕೊಯ್ದು ಆಳದಲ್ಲಿ ಕಟ್ಟಿದ್ದ ಕೀವು ತೆಗೆದರು. ದೊಡ್ಡ ಡಾಕ್ಟರಮ್ಮನ ಲೆಕ್ಕದಲ್ಲಿ ಇನ್ನು ಮೂರು ನಾಲ್ಕು ಗಂಟೆ ತಡವಾಗಿದ್ದರೂ ಮನುಷ್ಯ ಕೈಗೆ ಸಿಗುತ್ತಿದ್ದದ್ದು ಅನುಮಾನ. ಐಸಿಯುಗೆ ಸಾಗಿಸುವಾಗ ಅವರ ಹೆಂಡತಿ ಟ್ರಾಲಿಯ ಹಿಂದೆ ಓಡುತ್ತಾ, "ಈಗ ತಾನೇ ಹುಷಾರಾಗಿದ್ರಲ್ಲಾ, ಈಗ ತಾನೇ ಮಾತಾಡಿದ್ರಲ್ಲಾ" ಎಂದು ಅದೊಂದೇ ಮಾತು ಹೇಳುತ್ತಿದ್ದರು. ಅಕ್ಕ ಆಕೆಯ ಕೈ ಹಿಡಿದು ಲಿಫ್ಟಿನವರೆಗೂ ಹೋದರು.

ಐಸಿಯುಗೆ ಅಕ್ಕನಿಗೆ ಪ್ರವೇಶವಿಲ್ಲ. ಆದರೆ ಅಲ್ಲಿಯ ಆಯಾ ಇವರ ಗೆಳತಿ. ಇಬ್ಬರೂ ಕೊಳೆ ಬಟ್ಟೆಯ ಮೂಟೆ ಹಿಡಿದು ದಿನಾ ಬೆಳಿಗ್ಗೆ ಎಂಟಕ್ಕೆ ಲಾಂಡ್ರಿ ಲಿಫ್ಟಿನ ಮುಂದೆ ಸೇರುತ್ತಾರೆ. ಅಕ್ಕನದು ಒಂದೇ ಪ್ರಶ್ನೆ: "ಎಷ್ಟು?" ಮೊದಲ ಎರಡು ದಿನ ಗೆಳತಿ ಇಲ್ಲವೆಂದು ತಲೆಯಾಡಿಸಿಬಿಟ್ಟರು, ಉಸಿರಾಟದ ಯಂತ್ರ ಹಾಕಿದ್ದರು. "ಮಿಷನ್ ಉಸಿರು ಲೆಕ್ಕಕ್ಕಿಲ್ಲ ಕಣೇ. ಕಾಲು ಹೇಗಿದೆ ಹೇಳು," ಎಂದರು ಅಕ್ಕ. ತಣ್ಣಗೇ ಇತ್ತು. ಮೂರನೇ ದಿನ ಗೆಳತಿ ದೂರದಿಂದಲೇ ಕೂಗಿದರು, "ಬೆಚ್ಚಗಾಗಿದೆ ಕಣೇ!" ನಾಲ್ಕನೇ ದಿನ ಪೈಪು ತೆಗೆದರು, ಇಪ್ಪತ್ತೆಂಟು. ಆರನೇ ದಿನ ಇಪ್ಪತ್ತೆರಡು. ಆ ದಿನ ಅಕ್ಕ ಬಟ್ಟೆ ಮೂಟೆಯ ಮೇಲೇ ಕುಸಿದು ಕೂತು ಅತ್ತುಬಿಟ್ಟರಂತೆ. "ಸಮಾಧಾನಕ್ಕೇ ಕಣ್ರೀ. ದುಃಖಕ್ಕೆ ಇಷ್ಟು ಅತ್ತಿರ್ಲಿಲ್ಲ ನಾನು."

ಒಂಬತ್ತನೇ ದಿನ ಸೈಕಲ್ ಅಂಗಡಿಯವರು ಮರಳಿ ವಾರ್ಡಿಗೆ ಬಂದರು. ಹತ್ತು ಕೆಜಿ ಇಳಿದಿದ್ದರು. ಎಡಗೈ ಕಿರುಬೆರಳ ತುದಿಗೆ ರಕ್ತ ಸಿಗದೆ ಕಪ್ಪಾಗಿ, ಒಂದು ಗೆಣ್ಣು ತೆಗೆಯಬೇಕಾಗಿ ಬಂದಿತ್ತು. ಅದನ್ನು ಬಿಟ್ಟರೆ ಮನುಷ್ಯ ಇಡಿಯಾಗಿ ಉಳಿದಿದ್ದರು. ಅವರ ಹೆಂಡತಿ ಅಕ್ಕನ ಎರಡೂ ಕೈ ಹಿಡಿದು ಅತ್ತುಬಿಟ್ಟರಂತೆ. ಮಂಚದ ಮೇಲಿಂದ ಯಜಮಾನರು ಹೇಳಿದರು: "ಅಕ್ಕಾ, ನನ್ನ ಕಾಲು ಹಿಡ್ಕೊಂಡ ಮೊದಲನೇ ಹೆಂಗಸು ನೀವೇ. ಇವಳು ಇಷ್ಟು ವರ್ಷಕ್ಕೆ ಒಂದ್ಸಲಾನೂ ಹಿಡೀಲಿಲ್ಲ." ಹೆಂಡತಿ ಅಳು ನಿಲ್ಲಿಸಿ ಅವರ ಸರಿಯಿರುವ ತೋಳಿಗೊಂದು ಏಟು ಕೊಟ್ಟರು. ವಾರ್ಡಿಗೆ ವಾರ್ಡೇ ನಕ್ಕಿತು. ಈಗ ಅಂಗಡಿ ಮತ್ತೆ ತೆರೆದಿದೆ. ಕೇಬಲ್ ಹಾಕುವಾಗ ಕೈಗೆ ಗ್ಲೌಸ್ ಬಂದಿದೆ.

ದೊಡ್ಡ ಸಿಸ್ಟರ್ ಆ ಬೆಳಗಿನ ಬಗ್ಗೆ ತಪ್ಪಿಸಿಕೊಳ್ಳದೆ ಮಾತಾಡುತ್ತಾರೆ. "ಆ ಇಪ್ಪತ್ತು ಬರೆದಿದ್ದು ನನ್ನ ಕೈ. ಬೇರೆ ಯಾರದ್ದೂ ಅಲ್ಲ. ಇಪ್ಪತ್ತೈದು ವರ್ಷದ ಅಭ್ಯಾಸ, ಪೆನ್ನು ತಾನಾಗೇ ಬರೀತಿತ್ತು." ಆ ವಾರವೇ ಅವರು ಹೊಸ ಪದ್ಧತಿ ತಂದರು. ವಾರ್ಡಿನಲ್ಲಿ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಪಾದ ಮುಟ್ಟಿ ನೋಡಬೇಕು. ಎಣಿಸಲು ಆಗದಿದ್ದರೆ ಕಾಲಂ ಖಾಲಿ ಬಿಡಬೇಕು, ಸುಳ್ಳು ಬರೆಯಬಾರದು. ಅಕ್ಕ ಎಣಿಸಿದ ನಂಬರನ್ನು ಚಾರ್ಟಿನಲ್ಲಿ ಬರೆದು, ಪಕ್ಕದಲ್ಲಿ "ಆಯಾ" ಎಂದು ನಮೂದಿಸಬೇಕು. ಹೊಸದಾಗಿ ಸೇರುವ ನರ್ಸುಗಳಿಗೆ ಹೊದಿಕೆ ಸಿಕ್ಕಿಹಾಕಿಕೊಳ್ಳುವ ನಾಟಕ ಕಲಿಸುವುದು ಈಗ ಅಕ್ಕನ ಪಾಲಿನ ಕೆಲಸ. ಕೆಲವರಿಗೆ ಆ ನಾಟಕ ಬರುವುದೇ ಇಲ್ಲ, ರೋಗಿಯ ಮುಖ ನೋಡಿದ ತಕ್ಷಣ ಕಿಸಕ್ಕನೆ ನಕ್ಕುಬಿಡುತ್ತಾರೆ ಎಂಬುದು ಅವರ ದೂರು.

ಮನೆಯಲ್ಲೂ ಎಣಿಕೆ ನಿಂತಿಲ್ಲ. ಗೋಡೆಗೆ ಬಣ್ಣ ಬಳಿಯುವ ಕೆಲಸದ ಗಂಡ ಊಟವಾದ ಮೇಲೆ ಅಡ್ಡಾದರೆ ಸಾಕು, ಅಕ್ಕನ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. "ಮದುವೆಯಾಗಿ ಮೂವತ್ತು ವರ್ಷ. ಎಚ್ಚರ ಇದ್ದಾಗ ನಾನಾಡೋ ಮಾತನ್ನ ಇವಳು ಕಿವಿಗೇ ಹಾಕ್ಕೊಳ್ಳಲ್ಲ, ನಿದ್ದೆ ಮಾಡಿದ್ರೆ ಉಸಿರುಸಿರೂ ಲೆಕ್ಕ ಇಡ್ತಾಳೆ," ಎಂದು ಅವರ ಗೋಳು.

ನಿವೃತ್ತಿಗೆ ಇನ್ನು ಏಳು ವರ್ಷ. ಏನಾದರೂ ಆಸೆ ಇದೆಯೇ ಎಂದು ಕೇಳಿದಾಗ ಅಕ್ಕ ಹದಿನಾಲ್ಕನೇ ಮಂಚದ ಹೊದಿಕೆಯ ಅಂಚು ಒಳಗೆ ಸೇರಿಸುತ್ತಿದ್ದರು. ತಮ್ಮನ್ನು ಯಾರೂ ಇಂಥದ್ದು ಕೇಳಿಲ್ಲ ಎಂಬಂತೆ ಸ್ವಲ್ಪ ನಾಚಿಕೊಂಡರು, ಯೋಚಿಸಿದರು.

"ನಾನೂ ಒಂದಿನ ಹೀಗೇ ಮಂಚದ ಮೇಲೆ ಮಲಗೋಳೇ ಅಲ್ವಾ? ಆಗ ಯಾರಾದ್ರೂ ಒಬ್ಬರು ನನ್ನ ಕಾಲ ಹತ್ರ ನಿಂತು ಎಣಿಸಿದ್ರೆ ಸಾಕು. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬೇಡ, ನಂಗೆ ಗೊತ್ತಾಗ್ಬಿಡುತ್ತೆ."